ಲಿಂಕರ್ಸ್ ಎಲ್ಲಾ ಸರಿ, ಮುದ್ದೆ ಮಾತ್ರ ಗಂಟು

ತರಗುಪೇಟೆ, ಚಾಮರಾಜಪೇಟೆ, ಬಸವನಗುಡಿ ಸುತ್ತಿನ ಹೈಸ್ಕೂಲು ಮತ್ತು ಪಿಯು ಕಾಲೇಜುಗಳಲ್ಲಿ ಇಂಗ್ಲಿಷ್ ಪಾಠ ಮಾಡುವ ಮೇಷ್ಟ್ರುಗಳಿಗೆ, ಮೇಡಂಗಳಿಗೆ,

ನಿಮ್ಮಲ್ಲಿ ಬಹಳ ಜನಕ್ಕೆ ನನ್ನ ಪರಿಚಯವಿಲ್ಲ. ನಿಮ್ಮ ವಿದ್ಯಾರ್ಥಿಗಳ ಬರವಣಿಗೆ ಮಾತ್ರ ನನಗೆ ಚೆನ್ನಾಗಿ ಪರಿಚಯ. ಹೊಸ ತರಗುಪೇಟೆಯ ಒಂದು ಮಹಡಿಯ ಮೇಲೆ ಲೇಬಲ್ಲು, ಪೌಚು, ಪೊಟ್ಟಣದೊಳಗಿನ ಸೂಚನಾ ಚೀಟಿ ಇವನ್ನೆಲ್ಲ ಕಂಪೋಸ್ ಮಾಡಿ ಅಚ್ಚಿಗೆ ಕಳಿಸುವುದು ನನ್ನ ಕಸುಬು. ಕೆಳಗೆ ಬೇಳೆ ಮೂಟೆ ಇಳಿಯುತ್ತಿರುತ್ತದೆ, ಮೇಲೆ ನಾವು ‘ಬಳಸುವ ವಿಧಾನ’ ಟೈಪ್ ಮಾಡುತ್ತಿರುತ್ತೇವೆ. ದವಸದ ಸಗಟು ವ್ಯಾಪಾರದ ದೊಡ್ಡ ಪಾಲು ಯಶವಂತಪುರದ ಎಪಿಎಂಸಿ ಯಾರ್ಡಿಗೆ ಹೋಗಿ ಎಷ್ಟೋ ಕಾಲವಾಯಿತು. ಆದರೂ ಹುರಿಹಿಟ್ಟು, ಸಾರಿನಪುಡಿ, ರಾಗಿ ಮಾಲ್ಟು, ಹಪ್ಪಳ ಮಾಡಿ ಮಾರುವ ಸಣ್ಣಪುಟ್ಟವರು ಬೇಳೆಕಾಳಿಗೆ ಇನ್ನೂ ಈ ಬೀದಿಗಳಿಗೇ ಬರುತ್ತಾರೆ. ಬಂದವರು ಹಾಗೇ ಮೆಟ್ಟಿಲು ಹತ್ತಿ ಲೇಬಲ್ಲನ್ನೂ ಮಾಡಿಸಿಕೊಂಡು ಹೋಗುತ್ತಾರೆ.

ಲೇಬಲ್ಲಿನಲ್ಲಿ ಇಂಗ್ಲಿಷ್ ಹಾಕುವುದು ಬರೀ ಶೋಕಿಗೆ ಅಂದುಕೊಳ್ಳಬೇಡಿ. ಆಹಾರ ಸುರಕ್ಷತೆಯ ನಿಯಮದಂತೆ ಪೊಟ್ಟಣದ ಮೇಲಿನ ಕಡ್ಡಾಯ ವಿವರಗಳು ಇಂಗ್ಲಿಷಿನಲ್ಲಿ ಇಲ್ಲವೇ ದೇವನಾಗರಿ ಹಿಂದಿಯಲ್ಲಿ ಇರಬೇಕು. ಬೇರೆ ಭಾಷೆ ಬೇಕಿದ್ದರೆ ಜೊತೆಗೆ ಹಾಕಿಕೊಳ್ಳಬಹುದು. ಮಂಡ್ಯದ ರಾಗಿಯನ್ನು ಬೆಂಗಳೂರಿನಲ್ಲಿ ಬೀಸಿ ತುಮಕೂರಿನಲ್ಲಿ ಮಾರುವಾಗ ಕನ್ನಡ ‘ಬೇಕಿದ್ದರೆ’ ಅನ್ನುವ ಲೆಕ್ಕಕ್ಕೆ ಹೋಗಿದ್ದು ನನಗೂ ಸಿಟ್ಟು ತರಿಸುತ್ತದೆ, ಅದಕ್ಕೆ ಬೇರೆಯೇ ಪತ್ರ ಬರೆಯಬೇಕು. ಈಗಿನ ಮಾತು ಇಷ್ಟು: ಹಪ್ಪಳದ ಅಮ್ಮ ವಿಧಾನವನ್ನು ಕನ್ನಡದಲ್ಲೋ ತೆಲುಗಿನಲ್ಲೋ ಹೇಳುತ್ತಾರೆ, ಮನೆಯಲ್ಲಿ ಪಿಯುಸಿ ಓದುವ ಮಗನೋ ಮಗಳೋ ಅದನ್ನು ಇಂಗ್ಲಿಷಿಗೆ ಇಳಿಸಿ ಹಾಳೆಯಲ್ಲಿ ಬರೆದು ತರುತ್ತಾರೆ. ಆ ಹಾಳೆಗಳು ನನ್ನ ಮೇಜಿನ ಮೇಲೆ ಬೀಳುತ್ತವೆ.

ಹುಡುಗರ ಇಂಗ್ಲಿಷ್ ಕೆಟ್ಟಿದೆ ಅಂತ ದೂರಲು ಹೊರಟಿಲ್ಲ. ಸ್ಪೆಲಿಂಗ್ ನಮ್ಮ ಕಾಲದವರಿಗಿಂತ ವಾಸಿ, ಅಕ್ಷರ ದುಂಡಗೆ, ವಾಕ್ಯಕ್ಕೊಂದು ಫುಲ್‌ಸ್ಟಾಪ್. ನನ್ನ ತಕರಾರು ನೀವು ‘ಲಿಂಕರ್ಸ್’ ಅಂತ ಕಲಿಸುವ ಆ ಜೋಡಣೆ ಪದಗಳ ಬಗ್ಗೆ. ಫಸ್ಟ್ಲಿ, ದೆನ್, ಮೋರ್‌ಓವರ್, ಫೈನಲಿ. ಒಂದು ಹಾಳೆ ಮುಂದಿಟ್ಟುಕೊಂಡೇ ಮಾತಾಡುತ್ತೇನೆ.

ಅದು ರಾಗಿಹಿಟ್ಟಿನ ಪೊಟ್ಟಣ. ಊರಿಗೆ ಹೊಸದಾಗಿ ಬಂದವರೂ ಕೊಳ್ಳಲಿ ಅಂತ ಹಿಂಬದಿಯಲ್ಲಿ ಮುದ್ದೆ ಮಾಡುವ ವಿಧಾನ ಹಾಕಬೇಕಿತ್ತು. ಹುಡುಗಿ ಬರೆದು ತಂದಿದ್ದು ಹೀಗಿತ್ತು: “ಫಸ್ಟ್ ಆಫ್ ಆಲ್, ಟೇಕ್ ವಾಟರ್ ಇನ್ ಎ ವೆಸಲ್. ಸೆಕೆಂಡ್ಲಿ, ಬಾಯ್ಲ್ ಇಟ್. ದೆನ್ ಪುಟ್ ರಾಗಿ ಫ್ಲೋರ್. ಆಫ್ಟರ್ ದಟ್ ಮಿಕ್ಸ್ ವೆಲ್. ಮೋರ್‌ಓವರ್ ಆ್ಯಡ್ ಸಾಲ್ಟ್. ದೆನ್ ಮೇಕ್ ಬಾಲ್ಸ್. ಫೈನಲಿ, ಸರ್ವ್ ಹಾಟ್.” ಏಳು ವಾಕ್ಯ, ಏಳು ಲಿಂಕರ್. ನಿಮ್ಮ ಟೆಸ್ಟಿನಲ್ಲಿ ಇದಕ್ಕೆ ಪೂರ್ತಿ ಅಂಕ ಬೀಳುತ್ತದೆ, ಅನುಮಾನವೇ ಇಲ್ಲ. ಇದನ್ನು ಓದಿಕೊಂಡು ಯಾರಾದರೂ ಒಲೆ ಹಚ್ಚಿದರೆ ಪಾತ್ರೆಯಲ್ಲಿ ಬೀಳುವುದು ಗಂಟು.

ಅವಳ ಅಮ್ಮನೂ ಜೊತೆಗಿದ್ದರು. ‘ನೀವು ಮಾಡೋದು ಹೆಂಗೆ, ಹೇಳಿ’ ಅಂದೆ. ಒಂದೇ ಉಸಿರಿಗೆ ಹೇಳಿದರು: “ನೀರು ಮಳ್ಳೋ ತನಕ ಹಿಟ್ಟು ಹಾಕಂಗಿಲ್ಲ. ಒಂಚೂರು ಹಿಟ್ಟು ಮುಂಚೇನೇ ತಣ್ಣೀರಲ್ಲಿ ಕದಡಿ ಬಿಟ್ಟಿರ್ಬೇಕು. ಮಳ್ಳಿದ ಮೇಲೆ ಮಿಕ್ಕಿದ್ದು ಸುರೀರಿ, ಆದ್ರೆ ಕೋಲು ಆಡಿಸ್ಬೇಡಿ. ಹಿಟ್ಟಿನ ಗುಡ್ಡೆ ಸುತ್ತ ನೀರು ಉಕ್ಕಿ ಮೇಲೆ ಬರೋವರ್ಗೂ ಹಂಗೇ ಬಿಡಿ. ಅವಸರಕ್ಕೆ ತಿರುವಿದ್ರೋ, ಗಂಟೇ ಗತಿ. ಕೈ ಒದ್ದೆ ಮಾಡ್ಕೊಂಡು ಕಟ್ಟಿ, ಇಲ್ಲಾಂದ್ರೆ ಅಂಟ್ಕೊಂಡು ಸುಡುತ್ತೆ.”

ಅಮ್ಮನ ಮಾತಿನಲ್ಲಿರುವ ಜೋಡಣೆಗಳನ್ನು ನೋಡಿ. ತನಕ, ಮುಂಚೆ, ಮೇಲೆ, ಆದ್ರೆ, ವರ್ಗೂ, ತಿರುವಿದ್ರೋ, ಇಲ್ಲಾಂದ್ರೆ. ‘ಮೊದಲನೆಯದಾಗಿ’ ಒಂದು ಸಲವೂ ಇಲ್ಲ. ‘ಕೊನೆಯದಾಗಿ’ಯೂ ಇಲ್ಲ. ಎಲ್ಲಿ ಕೈ ತಡೆಯಬೇಕು, ಎಷ್ಟು ಹೊತ್ತು, ತಡೆಯದಿದ್ದರೆ ಏನಾಗುತ್ತದೆ ಅನ್ನುವುದನ್ನೆಲ್ಲ ಆ ಪದಗಳು ಹೇಳುತ್ತವೆ. ಮಗಳ ಹಾಳೆಯಲ್ಲಿ ಅವಿಷ್ಟೂ ಉದುರಿಹೋಗಿ, ಆ ಜಾಗದಲ್ಲಿ ಬರೀ ಸಾಲಿನ ನಂಬರ್ ಹೇಳುವ ಪದಗಳು ಬಂದು ಕೂತಿವೆ. ಆ ಹುಡುಗಿಗೆ ಮುದ್ದೆ ಮಾಡಲು ಬರುವುದಿಲ್ಲ ಅನ್ನೋ ಹಾಗಿಲ್ಲ, ದಿನಾ ಸಂಜೆ ಮನೆಯಲ್ಲಿ ಕೋಲು ಹಿಡಿಯುವವಳು ಅವಳೇ. ಇಂಗ್ಲಿಷಿನಲ್ಲಿ ಬರೆಯಲು ಕೂತಾಗ ಗೊತ್ತಿದ್ದನ್ನು ಪಕ್ಕಕ್ಕಿಟ್ಟು ಕಲಿಸಿದ್ದನ್ನು ಬರೆದಳು.

ಇಲ್ಲಿ ಕನ್ನಡದ ಕೈವಾಡವೂ ಸ್ವಲ್ಪ ಇದೆ. ಪಕ್ಕದ ಕ್ಲಾಸಿನ ಕನ್ನಡ ಪಂಡಿತರನ್ನು ಕೇಳಿ, ‘ಕೃದಂತಾವ್ಯಯ’ ಅಂತ ಹೇಳುತ್ತಾರೆ: ಮಾಡಿ, ಹೋಗಿ, ತೊಳೆದು, ಬಸಿದು. ‘ಬೇಳೆ ತೊಳೆದು, ನೆನೆಹಾಕಿ, ನೀರು ಬಸಿದು, ಬೇಯಿಸಿ, ಮಸೆದು, ಒಗ್ಗರಣೆ ಕೊಟ್ಟು ಇಳಿಸಿ’ ಅಂದರೆ ಏಳು ಕೆಲಸ ಒಂದೇ ವಾಕ್ಯದಲ್ಲಿ ಸಾಲಾಗಿ ನಿಲ್ಲುತ್ತವೆ. ನಡುವೆ ‘ಆಮೇಲೆ’ ಬೇಕಿಲ್ಲ, ‘ಮತ್ತು’ವಂತೂ ಬೇಡವೇ ಬೇಡ. ಕ್ರಿಯಾಪದದ ಬಾಲದಲ್ಲೇ ‘ಇದು ಮುಗಿದ ಮೇಲೆ ಮುಂದಿನದು’ ಅನ್ನುವ ಅರ್ಥ ಅಡಗಿದೆ. ಇನ್ನೂ ಒಂದು ತಮಾಷೆಯಿದೆ. ‘ಹಾಕಿ’, ‘ಬೇಯಿಸಿ’, ‘ಕುಟ್ಟಿ’ ಇಂಥವುಗಳಲ್ಲಿ ‘ಹಾಕಿದ ನಂತರ’ ಅನ್ನುವುದಕ್ಕೂ ಅದೇ ರೂಪ, ‘ನೀವು ಹಾಕಿರಿ’ ಅನ್ನುವ ಆಜ್ಞೆಗೂ ಅದೇ ರೂಪ. ‘ಉಪ್ಪು ಹಾಕಿ ಕುದಿಸಿ’ ಅಂದರೆ ಒಂದು ಆಜ್ಞೆಯೋ ಎರಡೋ? ಅಡುಗೆಮನೆಯಲ್ಲಿ ಯಾರೂ ಈ ಪ್ರಶ್ನೆ ಕೇಳಿಲ್ಲ, ಕೇಳುವ ಅಗತ್ಯವೂ ಬಂದಿಲ್ಲ.

ಕನ್ನಡದಲ್ಲಿ ಹೀಗೆ ಹೇಳುವ ಹುಡುಗ ಇಂಗ್ಲಿಷಿಗೆ ಹೋದಾಗ ಆ ಬಾಲ ಅಲ್ಲಿ ಸಿಗುವುದಿಲ್ಲ. ಆಗ ಎರಡರಲ್ಲೊಂದು ಆಗುತ್ತದೆ. ‘ವಾಷ್ ಸೋಕ್ ಬಾಯ್ಲ್ ದಾಲ್’ ಅಂತ ಬೋಳಾಗಿ ಜೋಡಿಸುತ್ತಾನೆ. ಇಲ್ಲವೇ ಪ್ರತಿ ಬಾಲಕ್ಕೂ ಒಂದೊಂದು ‘ಆ್ಯಂಡ್ ದೆನ್’ ಅಂಟಿಸುತ್ತಾನೆ. ಮೊದಲನೆಯದನ್ನು ನೋಡಿ ನೀವು ಕೆಂಪು ಪೆನ್ನು ಹಿಡಿದಿರಿ, ಲಿಂಕರ್ ಹಾಕು ಅಂದಿರಿ, ಪಟ್ಟಿ ಕೊಟ್ಟಿರಿ. ತಪ್ಪೇನಿಲ್ಲ. ಆದರೆ ಪಟ್ಟಿಯಿಂದ ಅವನು ಎತ್ತಿಕೊಂಡಿದ್ದು ಕನ್ನಡದ ಬಾಲ ಪುಕ್ಕಟೆ ಮಾಡಿಕೊಡುತ್ತಿದ್ದ ಕೆಲಸಕ್ಕೆ ಬೇಕಾದ ಪದಗಳನ್ನು ಮಾತ್ರ. ಒಂದಾದ ಮೇಲೆ ಒಂದು ಅನ್ನುವುದಕ್ಕೆ ಇಂಗ್ಲಿಷಿನಲ್ಲೂ 1, 2, 3 ಅಂತ ನಂಬರ್ ಹಾಕಿದರೆ ಸಾಕು. ನಾಲ್ಕಿಂಚು ಅಗಲದ ಲೇಬಲ್ಲಿನಲ್ಲಿ ‘ಸೆಕೆಂಡ್ಲಿ’ಗೆ ಜಾಗ ಕೊಡುವುದು ನನ್ನ ಕಸುಬಿನಲ್ಲಿ ದಂಡ. ನಾನು ಮೊದಲು ಹೊಡೆದು ಹಾಕುವುದೇ ಅದನ್ನು.

ಪಟ್ಟಿ ಎಲ್ಲಿಂದ ಬಂತು ಅಂತ ಅವೆನ್ಯೂ ರೋಡಿನ ಹಳೇ ಪುಸ್ತಕದ ಅಂಗಡಿಗಳಲ್ಲಿ ಗೈಡುಗಳನ್ನು ತಿರುವಿ ನೋಡಿದ್ದೇನೆ. ಸೇರಿಸುವ ಪದ, ವಿರೋಧದ ಪದ, ಕಾರಣದ ಪದ, ಕಾಲದ ಪದ ಅಂತ ನಾಲ್ಕು ಕಾಲಂ. ಮೂಲದಲ್ಲಿ ಇದು ಭಾಷಾವಿಜ್ಞಾನಿಗಳಾದ ಹ್ಯಾಲಿಡೇ ಮತ್ತು ರುಕೈಯಾ ಹಸನ್ 1976ರಲ್ಲಿ ‘ಕೊಹೀಷನ್ ಇನ್ ಇಂಗ್ಲಿಷ್’ ಎಂಬ ದಪ್ಪ ಪುಸ್ತಕದಲ್ಲಿ ಮಾಡಿದ ವಿಂಗಡಣೆ. ಬರಹವೊಂದು ಹೇಗೆ ಒಂದಾಗಿ ನಿಲ್ಲುತ್ತದೆ ಅಂತ ಅವರು ಶೋಧಿಸಿದರು. ಗೈಡಿಗೆ ಬರುವಷ್ಟರಲ್ಲಿ ಅದು ದಿನಸಿ ಚೀಟಿಯಾಗಿದೆ: ಮೋರ್‌ಓವರ್ 1, ಫರ್ದರ್‌ಮೋರ್ 1, ಹೌಎವರ್ 2. ಪಿಯುಸಿ ಇಂಗ್ಲಿಷ್ ಪತ್ರಿಕೆಯಲ್ಲಿ ಆವರಣದೊಳಗೆ ಲಿಂಕರ್ ಕೊಟ್ಟು ಬಿಟ್ಟ ಸ್ಥಳ ತುಂಬಿಸುವ ಪ್ರಶ್ನೆ ಇರುವುದರಿಂದ ಈ ಚೀಟಿಗೆ ಗಿರಾಕಿಯೂ ತಪ್ಪುವುದಿಲ್ಲ. ನಾಲ್ಕು ಪದ, ನಾಲ್ಕು ಖಾಲಿ ಜಾಗ. ಕೊನೆಯ ಪದ ತಾನಾಗೇ ಸರಿಯಾಗುತ್ತದೆ ಅನ್ನುವುದು ಹುಡುಗರಿಗೆ ನಮಗಿಂತ ಚೆನ್ನಾಗಿ ಗೊತ್ತು.

ಇದು ನಮ್ಮ ಪೇಟೆಯ ಮಕ್ಕಳಿಗಷ್ಟೇ ಅಂಟಿದ ಜಾಡ್ಯ ಅಲ್ಲ. ಬೆಲ್ಜಿಯಂನ ಸಿಲ್ವಿಯಾನ್ ಗ್ರೇಂಜರ್ ಮತ್ತು ಸ್ಟೆಫನಿ ಟೈಸನ್ 1996ರಲ್ಲಿ ಫ್ರೆಂಚ್ ಮನೆಮಾತಿನ ವಿದ್ಯಾರ್ಥಿಗಳ ಇಂಗ್ಲಿಷ್ ಪ್ರಬಂಧಗಳನ್ನು ಇಂಗ್ಲಿಷ್ ಮನೆಮಾತಿನವರ ಪ್ರಬಂಧಗಳ ಪಕ್ಕದಲ್ಲಿಟ್ಟು ಎಣಿಸಿದರು. ಒಟ್ಟು ಲೆಕ್ಕದಲ್ಲಿ ಫ್ರೆಂಚ್ ಹುಡುಗರು ಅತಿ ಮಾಡಿರಲಿಲ್ಲ. ಆದರೆ ‘ಮೋರ್‌ಓವರ್’ನಂಥ ಪೇರಿಸುವ ಪದಗಳು ಹೆಚ್ಚಾಗಿ, ‘ಹೌಎವರ್’, ‘ದೇರ್‌ಫೋರ್’ನಂಥ ದಿಕ್ಕು ತಿರುಗಿಸುವ ಪದಗಳು ಕಡಿಮೆಯಾಗಿ ಇದ್ದವು. ಅವು ಪ್ರಬಂಧಗಳು, ನನ್ನವು ಲೇಬಲ್ಲುಗಳು. ಆದರೂ ರೋಗಲಕ್ಷಣ ಒಂದೇ ಅನಿಸಿತು. ಪೇರಿಸಲು ಧೈರ್ಯ ಬೇಡ. ತಿರುಗಿಸಬೇಕಾದರೆ ಹಿಂದಿನ ವಾಕ್ಯಕ್ಕೂ ಮುಂದಿನದಕ್ಕೂ ಏನು ಸಂಬಂಧ ಅಂತ ಗೊತ್ತಿರಬೇಕು. ‘ಮೋರ್‌ಓವರ್ ಆ್ಯಡ್ ಸಾಲ್ಟ್’ ಅಂತ ಬರೆದವಳಿಗೆ ಉಪ್ಪು ಯಾವಾಗ, ಯಾಕೆ ಅನ್ನುವ ಯೋಚನೆಯಿಂದ ಆ ಪದ ರಜೆ ಕೊಟ್ಟುಬಿಟ್ಟಿತು. ಸಣ್ಣ ತಯಾರಕರೊಬ್ಬರ ಉಪ್ಪಿನಕಾಯಿ ಬಾಟಲಿಗೆ ಬಂದ ‘ಹೌಎವರ್ ಕ್ಲೋಸ್ ದ ಲಿಡ್’ ಅನ್ನೋ ವಾಕ್ಯವನ್ನು ನಮ್ಮ ಆಪರೇಟರ್ ಹುಡುಗ ಈಗಲೂ ನೆನೆಸಿಕೊಂಡು ನಗುತ್ತಾನೆ.

ಇನ್ನು ನನಗೆ ನಿಜಕ್ಕೂ ಸ್ವಾರಸ್ಯ ಅನಿಸುವ ವಿಷಯಕ್ಕೆ ಬರುತ್ತೇನೆ. ಪಟ್ಟಿ ಹಿಡಿಯದೆ ಮಕ್ಕಳು ತಮ್ಮಷ್ಟಕ್ಕೆ ಬರೆದಾಗ ಮನೆಮಾತು ಎಲ್ಲಿಂದಲೋ ನುಸುಳಿ ಬರುತ್ತದೆ, ಆ ಇಂಗ್ಲಿಷ್ ತಪ್ಪಾಗಿರುತ್ತದೆ, ಆದರೆ ಅದರಲ್ಲಿ ವಿಷಯ ಇರುತ್ತದೆ. ಕನ್ನಡದ ಹುಡುಗ ಬರೆಯುತ್ತಾನೆ: ‘ವಿದೌಟ್ ಬಾಯ್ಲಿಂಗ್ ವಾಟರ್ ಡೋಂಟ್ ಪುಟ್ ಫ್ಲೋರ್’. ಇದು ‘ನೀರು ಕುದಿಸದೆ ಹಿಟ್ಟು ಹಾಕಬೇಡ’. ಇಂಗ್ಲಿಷ್ ಓದುವವನಿಗೆ ‘ಕುದಿಯುವ ನೀರು ಇಲ್ಲದಿದ್ದರೆ’ ಅಂತಲೂ ಕಾಣಬಹುದು, ಅದು ತೊಡಕು. ಮಾರ್ಕೆಟ್ಟು, ಕಲಾಸಿಪಾಳ್ಯದ ಕಡೆಯ ದಖ್ಖನಿ ಮನೆಮಾತಿನ ಹುಡುಗ ಬರೆಯುತ್ತಾನೆ: ‘ಅನ್‌ಟಿಲ್ ದ ವಾಟರ್ ಈಸ್ ನಾಟ್ ಬಾಯ್ಲಿಂಗ್, ಡೋಂಟ್ ಪುಟ್’. ಅವನ ‘ಜಬ್ ತಕ್’ ಒಂದು ‘ನೈ’ಯನ್ನು ಬೇಡುತ್ತದೆ, ಇಂಗ್ಲಿಷಿನ ‘ಅನ್‌ಟಿಲ್’ ಬೇಡುವುದಿಲ್ಲ, ಅಷ್ಟೇ ವ್ಯತ್ಯಾಸ. ನಮ್ಮ ‘ಕುದಿಯೋ ತನಕ’ ಮಾತ್ರ ಇಂಗ್ಲಿಷಿನ ಜೊತೆ ಸರಿಯಾಗಿ ಕೂಡುತ್ತದೆ, ಆದ್ದರಿಂದ ಕನ್ನಡದ ಮಗುವಿಗೆ ‘ಅನ್‌ಟಿಲ್’ ಕಲಿಸಲು ಐದು ನಿಮಿಷ ಸಾಕು. ಒಂದೇ ಬೆಂಚಿನ ಮೇಲೆ ಕೂತ ಇಬ್ಬರ ತಪ್ಪಿಗೆ ಎರಡು ಬೇರೆ ಕಾರಣ. ಇಬ್ಬರಿಗೂ ಒಂದೇ ಕೆಂಪು ಗೆರೆ ಬೀಳುತ್ತಿದೆ.

‘ಬೈ ದಟ್ ಟೈಮ್’ ಇನ್ನೊಂದು. ‘ಅನ್ನ ಬೇಯುತ್ತಿರಲಿ, ಅಷ್ಟರಲ್ಲಿ ಈರುಳ್ಳಿ ಹೆಚ್ಚಿಕೊಳ್ಳಿ’ ಅನ್ನುವುದು ‘ಬೈ ದಟ್ ಟೈಮ್ ಕಟ್ ಆನಿಯನ್’ ಆಗುತ್ತದೆ. ಕನ್ನಡದ ‘ಅಷ್ಟರಲ್ಲಿ’ ಆ ನಡುವಿನ ಹೊತ್ತಿಗೂ ಆಗುತ್ತದೆ, ಆ ಗಡುವಿಗೂ ಆಗುತ್ತದೆ. ಇಂಗ್ಲಿಷಿನವರು ಎರಡಕ್ಕೂ ಬೇರೆ ಬೇರೆ ಪದ ಇಟ್ಟಿದ್ದಾರೆ, ಒಂದಕ್ಕೆ ‘ಮೀನ್‌ವೈಲ್’, ಇನ್ನೊಂದಕ್ಕೆ ‘ಬೈ ದೆನ್’. ಹೀಗೆ ಬರೆದ ಹುಡುಗನ ತಲೆಯಲ್ಲಿ ಎರಡು ಒಲೆ ಒಟ್ಟಿಗೆ ಉರಿಯುತ್ತಿವೆ, ಎರಡು ಕೆಲಸ ಒಂದೇ ಹೊತ್ತಿನಲ್ಲಿ ಆಗಬೇಕು ಅಂತ ಅವನಿಗೆ ಗೊತ್ತು. ‘ದೆನ್ ಕಟ್ ಆನಿಯನ್’ ಅಂತ ಲಕ್ಷಣವಾಗಿ ಬರೆದವನಿಗಿಂತ ಇವನೇ ಒಳ್ಳೆಯ ಬರಹಗಾರ ಅಂತ ನಾನು ಹೇಳುತ್ತೇನೆ. ನಿಮ್ಮಲ್ಲಿ ಕೆಲವರು ಒಪ್ಪಲಾರಿರಿ.

ಇನ್ನೊಂದು ಕಡೆ ಕನ್ನಡದ ಅಭ್ಯಾಸ ಮಕ್ಕಳಿಗೆ ಲಾಭವೇ. ಇಂಗ್ಲಿಷಿನಲ್ಲಿ ‘ಆ್ಯಡ್ ಸಾಲ್ಟ್ ಆಫ್ಟರ್ ದ ದಾಲ್ ಈಸ್ ಕುಕ್ಡ್’ ಅಂತಲೂ ಹೇಳಬಹುದು, ತಿರುಗಿಸಿ ‘ಆಫ್ಟರ್ ದ ದಾಲ್ ಈಸ್ ಕುಕ್ಡ್, ಆ್ಯಡ್ ಸಾಲ್ಟ್’ ಅಂತಲೂ ಹೇಳಬಹುದು. ಸೂಚನೆ ಓದುವವನು ಒಂದು ಕೈಯಲ್ಲಿ ಪೊಟ್ಟಣ, ಇನ್ನೊಂದು ಕೈಯಲ್ಲಿ ಸೌಟು ಹಿಡಿದಿರುತ್ತಾನೆ. ‘ಆ್ಯಡ್ ಸಾಲ್ಟ್’ ಓದಿದ ತಕ್ಷಣ ಉಪ್ಪು ಬಿದ್ದಾಯಿತು, ‘ಆಫ್ಟರ್’ ಓದುವುದು ಆಮೇಲೆ. ಕನ್ನಡದಲ್ಲಿ ಹೇಗೂ ‘ಬೇಳೆ ಬೆಂದ ಮೇಲೆ’ ಅನ್ನುವುದು ಮುಂದೆ, ‘ಉಪ್ಪು ಹಾಕಿ’ ಹಿಂದೆ. ಮಕ್ಕಳು ಇದೇ ಕ್ರಮವನ್ನು ಇಂಗ್ಲಿಷಿಗೂ ಒಯ್ಯುತ್ತಾರೆ, ‘ಆಫ್ಟರ್ ದಾಲ್ ಬಾಯ್ಲ್ಸ್’ ಅಂತಲೇ ಶುರು ಮಾಡುತ್ತಾರೆ. ‘ಇದು ಕನ್ನಡದ ಇಂಗ್ಲಿಷ್’ ಅಂತ ಅದನ್ನು ತಿರುಗಿಸಿ ಬರೆಸಿದ ಹಾಳೆಯನ್ನೂ ನೋಡಿದ್ದೇನೆ. ದಯವಿಟ್ಟು ಬೇಡ. ಷರತ್ತು ಮೊದಲು, ಕೆಲಸ ಆಮೇಲೆ ಅನ್ನುವುದೇ ಸೂಚನೆ ಬರೆಯುವವರು ಜಗತ್ತಿನಲ್ಲೆಲ್ಲ ಪಾಲಿಸಲು ಹೆಣಗುವ ಕ್ರಮ.

ಸೂಚನೆ ಬರೆಯುವುದಕ್ಕೆ ಇಷ್ಟೆಲ್ಲ ಶಿಸ್ತು ಬೇಕೇ ಅಂದರೆ, ನನ್ನ ಮಾತು ನಂಬುವುದು ಬೇಡ, ವಿಮಾನದವರನ್ನು ಕೇಳಿ. ವಿಮಾನ ರಿಪೇರಿ ಕೈಪಿಡಿಯನ್ನು ಇಂಗ್ಲಿಷ್ ಮನೆಮಾತಲ್ಲದ ಮೆಕ್ಯಾನಿಕ್ ಕೂಡ ತಪ್ಪಿಲ್ಲದೆ ಓದಬೇಕು ಅಂತ ಯುರೋಪಿನ ವಿಮಾನ ತಯಾರಕರ ಸಂಘ 1986ರಲ್ಲಿ ಒಂದು ಸರಳ ಇಂಗ್ಲಿಷಿನ ನಿಯಮಾವಳಿ ಹೊರತಂದಿತು. ಈಗ ಅದರ ಹೆಸರು ಎಎಸ್‌ಡಿ-ಎಸ್‌ಟಿಇ100. ವಿಧಾನ ಹೇಳುವ ವಾಕ್ಯ 20 ಪದ ಮೀರಬಾರದು, ಎರಡು ಕೆಲಸ ಒಟ್ಟಿಗೇ ಆಗಬೇಕಾದ ಹೊರತು ಒಂದು ವಾಕ್ಯಕ್ಕೆ ಒಂದೇ ಆಜ್ಞೆ, ಹೀಗೆಲ್ಲ ಅದರಲ್ಲಿದೆ. 1940ರಿಂದ ಎಚ್‌ಎಎಲ್ ಇರುವ ಊರು ನಮ್ಮದು. ಕೈಪಿಡಿ ಬರೆಯುವುದನ್ನೇ ನೌಕರಿ ಮಾಡಿಕೊಂಡವರು ಈ ಊರಿನಲ್ಲಿ ಬೇಕಾದಷ್ಟಿದ್ದಾರೆ, ಸಂಬಳವೂ ನನ್ನ ಆಪರೇಟರಿಗಿಂತ ಚೆನ್ನಾಗಿದೆ. ನಿಮ್ಮ ಮಕ್ಕಳು ನಾಳೆ ಹೋಗಿ ಕೂರಬಹುದಾದ ಕುರ್ಚಿಗಳವು.

ಮುದ್ದೆ ಗಂಟಾದರೆ ಒಂದು ಹೊತ್ತು ಅನ್ನ ಉಂಡರಾಯಿತು. ಎಲ್ಲ ಸೂಚನೆಯೂ ಹಾಗಲ್ಲ. ನಮ್ಮ ಬೀದಿಯಿಂದ ನಡೆದುಹೋಗುವಷ್ಟು ದೂರದಲ್ಲಿ ವಿಕ್ಟೋರಿಯಾ ಆಸ್ಪತ್ರೆ, ಅದರ ಮಗ್ಗುಲಲ್ಲೇ ವಾಣಿವಿಲಾಸ. ಭೇದಿಯಾದ ಮಗುವಿಗೆ ಕೊಡುವ ಓಆರ್‌ಎಸ್ ಪೊಟ್ಟಣವನ್ನೇ ತೆಗೆದುಕೊಳ್ಳಿ. ಒಂದು ಲೀಟರಿನ ಪೊಟ್ಟಣವಾದರೆ ಪೂರ್ತಿ ಪುಡಿ ಒಂದು ಲೀಟರ್ ಶುದ್ಧ ನೀರಿಗೆ. ನೀರು ಕಾಯಿಸುವುದಾದರೆ ಮೊದಲೇ ಕಾಯಿಸಿ, ಆರಿದ ಮೇಲೆ ಪುಡಿ ಬೆರೆಸಬೇಕು, ಬೆರೆಸಿದ ಮೇಲೆ ಕುದಿಸಬಾರದು. 24 ಗಂಟೆ ಕಳೆದರೆ ಉಳಿದದ್ದನ್ನು ಚೆಲ್ಲಬೇಕು. ಇದನ್ನು ನಿಮ್ಮ ಕ್ಲಾಸಿನಲ್ಲಿ ಇಂಗ್ಲಿಷಿನಲ್ಲಿ ಬರೆಸಿ ನೋಡಿ. ‘ಟೇಕ್ ಪೌಡರ್. ದೆನ್ ಮಿಕ್ಸ್ ಇನ್ ವಾಟರ್. ದೆನ್ ಬಾಯ್ಲ್’ ಅಂತ ಒಬ್ಬನಾದರೂ ಬರೆಯುತ್ತಾನೆ, ಅವನ ಲಿಂಕರ್ಸ್ ಎಲ್ಲ ಸರಿಯಾಗಿಯೇ ಇರುತ್ತವೆ. ದವಸದ ಗೋದಾಮಿಗೆ ಹುಳು ಬೀಳದಂತೆ ಇಡುವ ಅಲ್ಯುಮಿನಿಯಂ ಫಾಸ್ಫೈಡ್ ಗುಳಿಗೆಯ ವಿಷಯ ಇನ್ನೂ ಖಡಕ್ಕು. ತೇವ ತಗುಲಿದರೆ ಫಾಸ್ಫೀನ್ ಅನ್ನುವ ವಿಷಾನಿಲ ಬಿಡುತ್ತದೆ. ಒಳಗೆ ಹೋಗುವ ಮುಂಚೆ ಬಾಗಿಲು ಕಿಟಕಿ ತೆರೆದು ಗಾಳಿಯಾಡಿಸಬೇಕು. ಈ ‘ಮುಂಚೆ’ ಹಾಳೆಯ ಮೇಲೆ ತಪ್ಪು ಜಾಗದಲ್ಲಿ ಬಂದರೆ ಏನಾಗುತ್ತದೆ ಅಂತ ಗೋದಾಮಿನವರಿಗೆ ಪಾಠ ಹೇಳಬೇಕಿಲ್ಲ.

ಮಾಡುವ ವಿಧಾನ ಹೇಳುವುದು ನಮಗೆ ಇಂಗ್ಲಿಷಿನವರು ಕಲಿಸಿದ ವಿದ್ಯೆಯೂ ಅಲ್ಲ. ಚಾಳುಕ್ಯರ ಕಾಲದಲ್ಲಿ, ಸುಮಾರು 1025ರಲ್ಲಿ, ಇಮ್ಮಡಿ ಚಾವುಂಡರಾಯ ‘ಲೋಕೋಪಕಾರ’ ಬರೆದ. ಬಾವಿ ತೋಡುವುದು, ಅಡುಗೆ, ಸುಗಂಧ ತಯಾರಿಕೆ, ಮದ್ದು ಎಲ್ಲ ಅದರಲ್ಲಿದೆ. ಹದಿನಾರನೆಯ ಶತಮಾನದ ಮೊದಲಲ್ಲಿ ಮೂರನೆಯ ಮಂಗರಸ ‘ಸೂಪಶಾಸ್ತ್ರ’ವೆಂದು ಅಡುಗೆಗೇ ಒಂದು ಕಾವ್ಯ ಕಟ್ಟಿದ. ಅಷ್ಟು ಹಿಂದೆ ಹೋಗುವುದು ಬೇಡ ಅನ್ನುವವರು ಲಾಲ್‌ಬಾಗ್ ರಸ್ತೆಯ ತನಕ ಬನ್ನಿ. ಅಲ್ಲಿನ ಎಂಟಿಆರ್ 1970ರ ದಶಕದಲ್ಲಿ ಪೊಟ್ಟಣದ ಮಿಕ್ಸುಗಳನ್ನು ಮಾರಲು ತೊಡಗಿದ ಮೇಲೆ, ಅಡುಗೆ ಹೇಳಿಕೊಡಲು ಅಜ್ಜಿ ಪಕ್ಕದಲ್ಲಿಲ್ಲದ ಮನೆಗಳಿಗೂ ರವೆ ಇಡ್ಲಿ ಹೋಯಿತು. ಅಜ್ಜಿ ಇದ್ದಿದ್ದರೆ ಸೌಟು ತಡೆದು ‘ಏ, ಇರು’ ಅನ್ನುತ್ತಿದ್ದರು. ಪೊಟ್ಟಣದ ಹಿಂಬದಿಯಲ್ಲಿ ಆ ‘ಇರು’ ಅನ್ನುವುದಕ್ಕೆ ಒಂದು ‘ಅನ್‌ಟಿಲ್’ ಬೇಕು.

ಸರಿ, ನಾನು ಕೇಳುವುದೇನು? ಫಸ್ಟ್ಲಿ-ಸೆಕೆಂಡ್ಲಿಯನ್ನು ಸೂಚನೆ ಬರೆಯುವ ಪಾಠದಿಂದ ಸ್ವಲ್ಪ ದಿನ ಹೊರಗಿಡಿ. ಆ ಜಾಗಕ್ಕೆ ಅನ್‌ಟಿಲ್, ಬಿಫೋರ್, ವೈಲ್, ಅನ್‌ಲೆಸ್, ಅದರ್‌ವೈಸ್ ತನ್ನಿ. ಪಟ್ಟಿ ಮಾಡಿ ಬೋರ್ಡಿನ ಮೇಲೆ ಬರೆಯಬೇಡಿ, ಮತ್ತೆ ದಿನಸಿ ಚೀಟಿಯೇ ಆಗುತ್ತದೆ. ಮಕ್ಕಳನ್ನು ಮನೆಗೆ ಕಳಿಸಿ, ಅಂಗಡಿಗೆ ಕಳಿಸಿ. ಮೂಟೆ ಹೊರುವ ಹಮಾಲಿ ಹೊಸ ಹುಡುಗನಿಗೆ ಹೇಳುವುದನ್ನು ಕೇಳಿಸಿಕೊಳ್ಳಲಿ: ‘ನಾನು ಬಿಡು ಅನ್ನೋ ತನಕ ಬಿಡಬೇಡ’, ‘ಬೆನ್ನು ಬಗ್ಗಿಸೋಕ್ ಮುಂಚೆ ಕಾಲು ಊರ್ಕೋ’. ಕನ್ನಡವೋ ತಮಿಳೋ ಉರ್ದುವೋ, ಕೇಳಿದ್ದನ್ನು ಕೇಳಿದ ಹಾಗೇ ಬರೆದುಕೊಂಡು ಬರಲಿ. ಅದರಲ್ಲಿ ತಡೆಯುವ, ಕಾಯಿಸುವ, ಎಚ್ಚರಿಸುವ ಪದ ಎಲ್ಲಿದೆ ಅಂತ ಗೆರೆ ಎಳೆಯಲಿ. ಇಂಗ್ಲಿಷಿನ ಕೆಲಸ ಅಲ್ಲಿಂದ ಶುರುವಾಗಲಿ. ‘ಅನ್‌ಲೆಸ್’ ಕಷ್ಟ, ಒಪ್ಪುತ್ತೇನೆ. ‘ಅನ್‌ಲೆಸ್ ಯು ಡೋಂಟ್’ ಅಂತ ಎರಡೆರಡು ಸಲ ಅಲ್ಲಗಳೆಯುವವರೇ ಹೆಚ್ಚು. ಅದು ಕೈಹತ್ತುವವರೆಗೆ ‘ಇಫ್ ನಾಟ್’ ಸಾಕು, ಲೇಬಲ್ಲಿಗೆ ಏನೂ ಕಮ್ಮಿಯಾಗುವುದಿಲ್ಲ.

ಅಂಕ ಕೊಡುವ ಬಗೆಯೂ ಬದಲಾಗಬೇಕು. ಒಬ್ಬ ಬರೆದದ್ದನ್ನು ಇನ್ನೊಬ್ಬ ಬಾಯಿ ಬಿಡದೆ ಮಾಡಿ ತೋರಿಸಲಿ. ಒಲೆ ತರುವುದು ಬೇಡ. ಕಾಗದದ ದೋಣಿ ಮಡಿಸುವುದು, ಮೂಟೆ ಬಾಯಿಗೆ ಹೊಲಿಗೆ ಹಾಕುವುದು, ಶಾಲೆಯ ಗೇಟಿನಿಂದ ಕೋಟೆ ವೆಂಕಟರಮಣ ದೇವಸ್ಥಾನಕ್ಕೆ ದಾರಿ ಹೇಳುವುದು, ಯಾವುದಾದರೂ ಆದೀತು. ದೋಣಿ ಆದರೆ ಅಂಕ. ಮಡಿಸುವವನು ಎಲ್ಲಿ ತಡವರಿಸಿದನೋ ಅಲ್ಲೊಂದು ಪದ ಕಳೆದುಹೋಗಿದೆ, ಅದನ್ನು ಬರೆದವನೇ ಹುಡುಕಲಿ.

ಈ ಹುಚ್ಚು ನನ್ನ ತಲೆಯಲ್ಲಿ ಹುಟ್ಟಿದ್ದಲ್ಲ. ನಿಮ್ಮಲ್ಲಿ ಬಿ.ಎಡ್. ಮಾಡಿದವರು ಪರೀಕ್ಷೆಗೆ ಓದಿ ಮರೆತಿರಬಹುದು. 1979ರಿಂದ 1984ರವರೆಗೆ ಎನ್.ಎಸ್. ಪ್ರಭು ಅವರು ದಕ್ಷಿಣ ಭಾರತದ ಸಾಮಾನ್ಯ ಶಾಲೆಗಳಲ್ಲಿ ಒಂದು ಪ್ರಯೋಗ ನಡೆಸಿದರು. ನಮ್ಮ ಊರಿನ ರೀಜನಲ್ ಇನ್‌ಸ್ಟಿಟ್ಯೂಟ್ ಆಫ್ ಇಂಗ್ಲಿಷ್ ಮತ್ತು ಮದರಾಸಿನ ಬ್ರಿಟಿಷ್ ಕೌನ್ಸಿಲ್ ಅದರ ಬೆನ್ನಿಗಿದ್ದವು. ಭಾಷಾ ಬೋಧನೆಯ ಪುಸ್ತಕಗಳು ಜಗತ್ತಿನಾದ್ಯಂತ ಅದನ್ನು ಇಂದಿಗೂ ‘ಬ್ಯಾಂಗಲೋರ್ ಪ್ರಾಜೆಕ್ಟ್’ ಅಂತಲೇ ಕರೆಯುತ್ತವೆ. ವ್ಯಾಕರಣದ ಪಟ್ಟಿಯಿಲ್ಲ. ರೈಲ್ವೆ ಟೈಮ್‌ಟೇಬಲ್ ಓದಿ ಪ್ರಶ್ನೆ ಬಿಡಿಸುವುದು, ನಕ್ಷೆ ನೋಡಿ ದಾರಿ ಹೇಳುವುದು, ಸೂಚನೆ ಕೇಳಿ ಚಿತ್ರ ಬರೆಯುವುದು. ಕೆಲಸ ಸರಿಯಾಯಿತೇ ಅನ್ನುವುದರ ಮೇಲೆ ಅಂಕ. ಪ್ರಭು ಅವರು 1987ರಲ್ಲಿ ಪುಸ್ತಕವನ್ನೂ ಬರೆದರು, ‘ಸೆಕೆಂಡ್ ಲ್ಯಾಂಗ್ವೇಜ್ ಪೆಡಗಾಜಿ’. 1985ರಲ್ಲಿ ಬೆರೆಟ್ಟಾ ಮತ್ತು ಡೇವಿಸ್ ಮೌಲ್ಯಮಾಪನ ಮಾಡಿ, ಒಂದಷ್ಟು ಆಕ್ಷೇಪದೊಂದಿಗೆ, ಇದರಲ್ಲಿ ಹುರುಳಿದೆ ಅಂದರು. ಊರಿನ ಹೆಸರು ಹೊತ್ತ ಪಾಠಕ್ರಮ ಪ್ರಪಂಚ ಸುತ್ತಿ ಬಂತು, ಅವೆನ್ಯೂ ರೋಡಿನ ಗೈಡಿಗೆ ಮಾತ್ರ ಬರಲಿಲ್ಲ.

‘ಬೋರ್ಡ್ ಎಕ್ಸಾಮು, ಸಿಲಬಸ್ಸು, ಕ್ಲಾಸಿಗೆ ಅರವತ್ತು ಮಕ್ಕಳು’ ಅಂತ ನೀವು ಹೇಳುವುದು ನನಗೆ ಇಲ್ಲಿಗೇ ಕೇಳಿಸುತ್ತದೆ. ನ್ಯಾಯವೇ. ಬಿಟ್ಟ ಸ್ಥಳದ ಪ್ರಶ್ನೆಯನ್ನು ತೆಗೆಸುವುದು ನಿಮ್ಮ ಕೈಯಲ್ಲಿಲ್ಲ. ಅಭ್ಯಾಸಕ್ಕೆ ಯಾವ ಪ್ಯಾಸೇಜ್ ಕೊಡಬೇಕು ಅನ್ನುವುದಾದರೂ ನಿಮ್ಮ ಕೈಯಲ್ಲಿದೆ, ಓಆರ್‌ಎಸ್ ಪೊಟ್ಟಣದ ಹಿಂಬದಿಯನ್ನೇ ಕೊಡಿ. ಪಿಯುಸಿಯಲ್ಲಿ ಈಗ ಭಾಷೆಗೂ 20 ಅಂಕ ಆಂತರಿಕ ಮೌಲ್ಯಮಾಪನಕ್ಕೆ ಇದೆ, ಅದರಲ್ಲಿ ಒಂದೆರಡು ಅಂಕವನ್ನು ದೋಣಿಗೆ ಮೀಸಲಿಟ್ಟರೆ ಯಾವ ಇಲಾಖೆಯೂ ಕೇಳುವುದಿಲ್ಲ.

ನನ್ನ ಕಡೆಯಿಂದ ಇಷ್ಟು ಮಾಡಬಲ್ಲೆ. ಲೇಬಲ್ ಶೀಟು ಕತ್ತರಿಸಿದ ಮೇಲೆ ಅಂಚಿನ ಕಾಗದ ಕಟ್ಟುಗಟ್ಟಲೆ ಉಳಿಯುತ್ತದೆ, ಪೋಸ್ಟ್‌ಕಾರ್ಡಿನಷ್ಟು ಅಗಲ. ನಿಮ್ಮ ಕ್ಲಾಸಿನವರು ಬರೆದ ಸೂಚನೆಗಳನ್ನು ಅದರ ಮೇಲೆ ಒಂದು ಬದಿ ಇಂಗ್ಲಿಷು, ಇನ್ನೊಂದು ಬದಿ ಮನೆಮಾತು ಹಾಕಿ ದುಡ್ಡು ತೆಗೆದುಕೊಳ್ಳದೆ ಅಚ್ಚು ಮಾಡಿಕೊಡುತ್ತೇನೆ. ಕಪ್ಪು ಇಂಕು ಮಾತ್ರ, ಬಣ್ಣ ಕೇಳಬೇಡಿ. ಉರ್ದು ಕಂಪೋಸ್ ನನ್ನಲ್ಲಿಲ್ಲ, ಕೈಬರಹವನ್ನೇ ಸ್ಕ್ಯಾನ್ ಮಾಡಿ ಹಾಕುತ್ತೇನೆ. ಬರೆದವರ ಹೆಸರಿನ ಕೆಳಗೆ, ಅದನ್ನು ಓದಿ ಮಾಡಿ ನೋಡಿದವರ ಹೆಸರೂ ಇರಬೇಕು; ಎರಡನೇ ಹೆಸರಿಲ್ಲದ ಹಾಳೆಯನ್ನು ವಾಪಸ್ ಕಳಿಸುತ್ತೇನೆ. ದೀಪಾವಳಿಯ ಹಿಂದುಮುಂದು ಸ್ವೀಟ್ ಬಾಕ್ಸಿನ ಕೆಲಸ ವಿಪರೀತ, ಆ ತಿಂಗಳು ಬಿಟ್ಟು ಯಾವಾಗ ಬೇಕಾದರೂ ಕಳಿಸಿ. ಬೆಳಿಗ್ಗೆ ಹನ್ನೊಂದರ ಮೇಲೆ ಬನ್ನಿ. ಅದಕ್ಕೂ ಮುಂಚೆ ಬಂದರೆ ಲಾರಿ ನಿಂತಿರುತ್ತದೆ, ಮೆಟ್ಟಿಲು ಹತ್ತಲು ದಾರಿ ಇರುವುದಿಲ್ಲ.

ಇತಿ ನಿಮ್ಮ ವಿಶ್ವಾಸಿ,
ಹೊಸ ತರಗುಪೇಟೆಯ ಒಬ್ಬ ಲೇಬಲ್ ಅಚ್ಚಿನವ